ಸೀಮೆಎಣ್ಣೆಯೂ ರಸಾಯನ ಎಂಜಿನಿಯರೂ

ಕಳೆದ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೂರನೆಯ ದಿನ, ಕಲ್ಯಾಣದುರ್ಗದ ಕಡೆಯ ಪೋಷಕರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಟ್ರಾಕ್ಟರು ಓಡಿಸಿ ಸಂಸಾರ ನಡೆಸುವವರು. ಅವರ ಮಗಳು ಹಿಂದೂಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು.

"ಮೇಷ್ಟ್ರೇ, ನಮ್ಮ ಹುಡುಗಿ ಮುಂದಕ್ಕೆ ಕೆಮಿಕಲ್ ಎಂಜಿನಿಯರಿಂಗ್ ಓದ್ತೀನಿ ಅಂತ ಹಟ ಹಿಡಿದವಳೆ. ಅಂದ್ರೆ ಏನು, ಗೊಬ್ಬರದ ಅಂಗಡಿ ಕೆಲಸಾನಾ? ಬೆಳೆಗೆ ಔಷಧಿ ಹೊಡೆಯೋ ಕೆಲಸಾನಾ? ಪೆಟ್ರೋಲ್ ಸಂಶೋಧನೆ ಮಾಡ್ತಾಳಂತೆ. ಬಂಕಲ್ಲಿ ಹಾಕೋ ಪೆಟ್ರೋಲಿಗೆ ಇನ್ನೇನು ಸಂಶೋಧನೆ ಸಾರ್?" ಎಂದು ಕೇಳಿದರು.

ನಾನು ಕನ್ನಡದ ಮೇಷ್ಟ್ರು. ಕಂದ, ಷಟ್ಪದಿಗಳಿಗೆ ಪ್ರಸ್ತಾರ ಹಾಕಿ ತೋರಿಸಬಲ್ಲೆ. ಈ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. "ತಿಳಿದುಕೊಂಡು ಹೇಳುತ್ತೇನೆ ಕೂತ್ಕೊಳ್ಳಿ" ಎಂದು ಕಾಫಿ ತರಿಸಿದೆನೇ ಹೊರತು ಆ ದಿನ ಏನೂ ಹೇಳಲಾಗಲಿಲ್ಲ. ಆಮೇಲೆ ನಮ್ಮ ವಿಜ್ಞಾನದ ಅಧ್ಯಾಪಕರನ್ನು ಕಾಡಿ, ಸಿಕ್ಕಿದ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಆ ತಂದೆಯಂತೆಯೇ ಕೇಳಬೇಕೆಂದಿದ್ದು ಕೇಳಲಾರದೆ ಉಳಿದ ಪೋಷಕರು ಇನ್ನೂ ಇರಬಹುದು.

ಭಾಷೆಯವನಾದ್ದರಿಂದ ಒಂದು ಮಾತಿನಿಂದಲೇ ಪ್ರಾರಂಭಿಸುತ್ತೇನೆ. ನಾವು 'ಸೀಮೆಎಣ್ಣೆ' ಎನ್ನುತ್ತೇವೆ. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಎಂಬ ಮಾತುಗಳೂ ನಮ್ಮಲ್ಲಿವೆ. ನಮ್ಮದಲ್ಲದ್ದು, ಬೇರೆ ಸೀಮೆಯಿಂದ ಬಂದದ್ದು ಎಂದು ನಮ್ಮ ಹಿರಿಯರು ಅದಕ್ಕೆ ಅಂಟಿಸಿದ ಚೀಟಿ ಅದು. (ರಾಯಲಸೀಮೆಯಲ್ಲಿರುವ ನಾವು ಈ ಪದವನ್ನು ನೋಡಿ ನಗಬೇಕೋ ಬಿಡಬೇಕೋ ತಿಳಿಯದು.) ಅದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ದೀಪ ಉರಿಯುತ್ತಿದ್ದುದು ಹೊಂಗೆ ಎಣ್ಣೆಯಲ್ಲಿ, ಹರಳೆಣ್ಣೆಯಲ್ಲಿ. ಅವು ಬೀಜದ ಎಣ್ಣೆಗಳು. ಸೀಮೆಎಣ್ಣೆಯಾದರೋ ಕಲ್ಲಿನ ಪದರಗಳ ನಡುವಿನಿಂದ ಮೇಲೆತ್ತಿದ ಎಣ್ಣೆಯ ಒಂದು ಅಂಶ. 'ಪೆಟ್ರೋಲಿಯಂ' ಎಂಬ ಲ್ಯಾಟಿನ್ ಪದದ ಅರ್ಥವೂ ಅದೇ: ಪೆಟ್ರಾ ಎಂದರೆ ಬಂಡೆ, ಓಲಿಯಂ ಎಂದರೆ ಎಣ್ಣೆ. ಕನ್ನಡದಲ್ಲಿ ಕಲ್ಲೆಣ್ಣೆ ಎಂದರೆ ಆಯಿತು.

ಭಾರತದಲ್ಲಿ ಕಲ್ಲೆಣ್ಣೆ ಇಲ್ಲವೇ ಇಲ್ಲ ಎಂದು ತಿಳಿಯಬೇಡಿ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ದೊರೆಯಿತು. 1901ರಲ್ಲಿ ಅಲ್ಲಿ ಶುದ್ಧೀಕರಣ ಕಾರ್ಖಾನೆ ಆರಂಭವಾಯಿತು. ಗುಜರಾತಿನ ಅಂಕಲೇಶ್ವರದಲ್ಲಿ 1960ರಲ್ಲಿಯೂ, ಮುಂಬಯಿಯ ಕಡಲಿನಲ್ಲಿ 1974ರಲ್ಲಿಯೂ ಎಣ್ಣೆ ಸಿಕ್ಕಿತು. ಆದರೂ ನಮಗೆ ಬೇಕಾದುದರಲ್ಲಿ ಹೆಚ್ಚಿನ ಪಾಲನ್ನು ಇಂದಿಗೂ ಹೊರದೇಶಗಳಿಂದಲೇ ತರಿಸಿಕೊಳ್ಳುತ್ತಿದ್ದೇವೆ. ಬೇರೆ ಸೀಮೆಯಿಂದ ಬರುತ್ತಿದ್ದುದು ಎಣ್ಣೆ ಒಂದೇ ಆಗಿದ್ದರೆ ಅದು ಭೂಗರ್ಭದ ವಿಷಯ ಎಂದು ಸುಮ್ಮನಿರಬಹುದಿತ್ತು. ಎಣ್ಣೆಯನ್ನು ಬೇಕಾದ ವಸ್ತುವಾಗಿ ಮಾರ್ಪಡಿಸುವ ವಿದ್ಯೆಯೂ ಬಹುಕಾಲ ಹೊರಗಿನಿಂದ ಬೆಲೆಗೆ ಬರುತ್ತಿತ್ತು. ಆ ವಿದ್ಯೆಯನ್ನು ಇಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ರಸಾಯನ ಎಂಜಿನಿಯರ್ ಇದ್ದರು. ಅವರ ಹೆಸರು ಡಾ. ಎಲ್. ಕೆ. ದೊರೈಸ್ವಾಮಿ. ಅವರ ವಿಷಯಕ್ಕೆ ಬರುವ ಮುನ್ನ, ಎಣ್ಣೆಗೆ 'ವಿದ್ಯೆ' ಏಕೆ ಬೇಕು ಎಂಬುದನ್ನು ನೋಡೋಣ.

ನೆಲದಿಂದ ಬರುವ ಕಚ್ಚಾ ತೈಲ ಕಪ್ಪಗೆ, ಮಂದವಾಗಿ, ನಾರುವ ದ್ರವ. ಅದು ಒಂದು ವಸ್ತುವಲ್ಲ. ಇಂಗಾಲ ಮತ್ತು ಜಲಜನಕ ಸೇರಿ ಆದ ನೂರಾರು ವಸ್ತುಗಳ ಮಿಶ್ರಣ. ಅದನ್ನು ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎತ್ತರವಾದ ಗೋಪುರದೊಳಕ್ಕೆ ಬಿಡುತ್ತಾರೆ. ಗೋಪುರದ ಕೆಳಭಾಗ ಬಿಸಿ, ಮೇಲ್ಭಾಗ ತಂಪು. ಹಗುರವಾದ ಆವಿ ಮೇಲಕ್ಕೆ ಹೋಗುತ್ತದೆ. ಭಾರವಾದುದು ನಡುವಿನ ಅಂತಸ್ತುಗಳಲ್ಲೇ ದ್ರವವಾಗಿ ನಿಲ್ಲುತ್ತದೆ. ಮೇಲುಗಡೆ ಅಡಿಗೆಯ ಅನಿಲ, ಅದರ ಕೆಳಗೆ ಪೆಟ್ರೋಲು, ಅದರ ಕೆಳಗೆ ಸೀಮೆಎಣ್ಣೆ, ಇನ್ನೂ ಕೆಳಗೆ ಡೀಸೆಲ್, ತಳದಲ್ಲಿ ರಸ್ತೆಗೆ ಹಾಕುವ ಡಾಂಬರಿಗೆ ಒದಗುವ ಶೇಷ. ಇಷ್ಟನ್ನು ನಿಮ್ಮ ವಿಜ್ಞಾನದ ಪಾಠದಲ್ಲೇ ಓದಿದ್ದೀರಿ. ಪಾಠದ ಚಿತ್ರ ಹೇಳದ ಸಂಗತಿಯೊಂದಿದೆ. ಪ್ರಕೃತಿ ಕೊಟ್ಟ ಪ್ರಮಾಣಕ್ಕೂ ನಮಗೆ ಬೇಕಾದ ಪ್ರಮಾಣಕ್ಕೂ ಹೊಂದಿಕೆಯಾಗುವುದಿಲ್ಲ. ಬೇಡಿಕೆ ಪೆಟ್ರೋಲಿಗೆ, ಡೀಸೆಲಿಗೆ. ಬಂದದ್ದರಲ್ಲಿ ಬಹಳಷ್ಟು ಭಾರದ ಎಣ್ಣೆ. ಆದ್ದರಿಂದ ದೊಡ್ಡ ಅಣುಗಳನ್ನು ಒಡೆಯಬೇಕು, ಒಂದು ಆಕಾರದ ಅಣುವನ್ನು ಇನ್ನೊಂದು ಆಕಾರಕ್ಕೆ ತಿರುಗಿಸಬೇಕು. ಅದಕ್ಕೆ ಬೇಕು ಕ್ರಿಯಾವರ್ಧಕ, ಎಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಬೇಗ ನಡೆಸಿಕೊಡುವ ವಸ್ತು. ಯೂಜೀನ್ ಹೌಡ್ರಿ ಎಂಬ ಫ್ರೆಂಚ್ ಎಂಜಿನಿಯರ್ ರೂಪಿಸಿದ ವಿಧಾನದಂತೆ, ಕ್ರಿಯಾವರ್ಧಕದಿಂದ ಭಾರದ ಎಣ್ಣೆಯನ್ನು ಒಡೆಯುವ ದೊಡ್ಡ ಕಾರ್ಖಾನೆ ಅಮೆರಿಕದಲ್ಲಿ 1937ರಲ್ಲಿ ನಡೆಯತೊಡಗಿತು. ಅಂದಿನಿಂದ ಕಲ್ಲೆಣ್ಣೆಯ ಸಂಶೋಧನೆ ಎಂದರೆ ಬಹುಮಟ್ಟಿಗೆ ಕ್ರಿಯಾವರ್ಧಕದ ಸಂಶೋಧನೆಯೇ ಆಗಿದೆ.

ದೊರೈಸ್ವಾಮಿಯವರು ಜನಿಸಿದ್ದು 1927ರಲ್ಲಿ, ಬೆಂಗಳೂರಿನಲ್ಲಿ. ಮದರಾಸು ವಿಶ್ವವಿದ್ಯಾಲಯದಲ್ಲಿ ರಸಾಯನ ತಂತ್ರಶಾಸ್ತ್ರದ ಪದವಿ ಪಡೆದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು. ಆ ಕಾಲಕ್ಕೆ ಅಲ್ಲಿ ಓಲಾಫ್ ಹೌಗೆನ್ ಎಂಬ ಪ್ರಸಿದ್ಧ ಅಧ್ಯಾಪಕರಿದ್ದರು. ಕ್ರಿಯಾವರ್ಧಕದ ಮೇಲೆ ನಡೆಯುವ ಕ್ರಿಯೆಯ ವೇಗವನ್ನು ಲೆಕ್ಕದಿಂದ ಹಿಡಿಯುವ ಶಾಸ್ತ್ರ ಬೆಳೆದ ಮುಖ್ಯ ಸ್ಥಳಗಳಲ್ಲಿ ಅದೂ ಒಂದು. ಅಲ್ಲಿ ಡಾಕ್ಟರೇಟ್ ಪಡೆದ ದೊರೈಸ್ವಾಮಿಯವರು ಸ್ವದೇಶಕ್ಕೆ ಮರಳಿ 1954ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಸೇರಿದರು.

ಈ ಪ್ರಯೋಗಾಲಯವನ್ನು ಜವಾಹರಲಾಲ್ ನೆಹರೂ ಅವರು 1950ರ ಜನವರಿ 3ರಂದು ಉದ್ಘಾಟಿಸಿದ್ದರು. ಎಂದರೆ ದೊರೈಸ್ವಾಮಿಯವರು ಸೇರಿದಾಗ ಅದಕ್ಕೆ ನಾಲ್ಕೇ ವರ್ಷ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅವರು ಜೀವನವಿಡೀ ದುಡಿದ ಶಾಸ್ತ್ರಕ್ಕೆ 'ರಾಸಾಯನಿಕ ಕ್ರಿಯಾ ಎಂಜಿನಿಯರಿಂಗ್' ಎಂಬ ಹೆಸರು ನಿಂತದ್ದು 1957ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ವಿದ್ವಾಂಸರ ಸಮ್ಮೇಳನದಿಂದ ಈಚೆಗೆ. ಹೆಸರು ಬರುವುದಕ್ಕೆ ಮುಂಚೆಯೇ ಅವರು ಆ ಕೆಲಸಕ್ಕೆ ಕುಳಿತಾಗಿತ್ತು.

ಹಾಗಾದರೆ ಆ ಕೆಲಸವೇನು? ನಮ್ಮ ಮನೆಗಳ ಹೆಂಗಸರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮನೆಯ ನಾಲ್ಕು ಜನಕ್ಕೆ ಅನ್ನ ಮಾಡುವವರು ಮದುವೆಯ ಮನೆಯ ಕೊಪ್ಪರಿಗೆಗೆ ಇಳಿದರೆ, ಪಾವಿಗೆ ಎರಡು ಪಾವು ನೀರು ಎಂಬ ಲೆಕ್ಕವೊಂದನ್ನೇ ನಂಬಿ ಗೆಲ್ಲಲಾರರು. ತಳ ಹತ್ತುತ್ತದೆ, ಮೇಲೆ ನುಚ್ಚಾಗಿ ಉಳಿಯುತ್ತದೆ. ರಸಾಯನಶಾಸ್ತ್ರಜ್ಞರು ಗಾಜಿನ ಫ್ಲಾಸ್ಕಿನಲ್ಲಿ ಮಾಡಿ ಗೆದ್ದ ಕ್ರಿಯೆಯನ್ನು ಮನೆಯಷ್ಟು ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಹಗಲಿರುಳು ನಡೆಸುವಂತೆ ಮಾಡುವವನೇ ರಸಾಯನ ಎಂಜಿನಿಯರ್.

ಏಕೆ ತಳ ಹತ್ತುತ್ತದೆ ಎಂಬುದಕ್ಕೆ ಎಂಟನೆಯ ತರಗತಿಯ ಗಣಿತ ಸಾಕು. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಒಂದು ಘನ. ಅದರ ಗಾತ್ರ 1 ಘನ ಸೆಂಟಿಮೀಟರ್. ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಈಗ ಬದಿಯನ್ನು 10 ಸೆಂಟಿಮೀಟರ್ ಮಾಡಿ. ಗಾತ್ರ 1000, ಮುಖಗಳ ವಿಸ್ತೀರ್ಣ 600. ಗಾತ್ರ ಸಾವಿರ ಪಟ್ಟು ಬೆಳೆಯಿತು, ಮೈ ನೂರೇ ಪಟ್ಟು ಬೆಳೆಯಿತು. ಶಾಖ ಹುಟ್ಟುವುದು ಒಳಗಿನ ಗಾತ್ರದಲ್ಲಿ. ಹೊರಕ್ಕೆ ಹೋಗುವುದು ಮೈಯ ಮೂಲಕ. ಮೊದಲ ಘನದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 6 ಚದರ ಸೆಂಟಿಮೀಟರ್ ಮೈ ಇತ್ತು, ಎರಡನೆಯದರಲ್ಲಿ ಬರೀ 0.6. ಕೈಯಲ್ಲಿ ಹಿಡಿದ ಫ್ಲಾಸ್ಕಿನಲ್ಲಿ ಬೆಚ್ಚಗಾಗಿ ತಣ್ಣಗಾಗುತ್ತಿದ್ದ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ಶಾಖವನ್ನು ಹೊರಹಾಕಲಾರದೆ ಕೆರಳಿ ಪಾತ್ರೆಯನ್ನೇ ಒಡೆಯಬಹುದು. ಆದ್ದರಿಂದ ಫ್ಲಾಸ್ಕಿನಿಂದ ನೇರವಾಗಿ ಕಾರ್ಖಾನೆಗೆ ಹಾರುವುದಿಲ್ಲ. ನಡುವೆ ಮಾದರಿ ಸ್ಥಾವರ ಕಟ್ಟಿ, ತಿಂಗಳುಗಟ್ಟಲೆ ನಡೆಸಿ, ಉಷ್ಣತೆ, ಒತ್ತಡ, ಹರಿವು ಎಲ್ಲವನ್ನೂ ಬರೆದುಕೊಂಡು, ಆ ಅಂಕಿಗಳಿಂದ ಸಮೀಕರಣಗಳನ್ನು ಹೂಡಿ, ಮುಂದಿನ ಗಾತ್ರಕ್ಕೆ ಹೋಗಬೇಕು. ಇದಕ್ಕೆ ವರ್ಷಗಳು ಹಿಡಿಯುತ್ತವೆ.

ದೊರೈಸ್ವಾಮಿಯವರು ವಿಶೇಷವಾಗಿ ಅಭ್ಯಾಸ ಮಾಡಿದ್ದು ಘನವಸ್ತುವೂ ಅನಿಲವೂ ಸೇರಿ ನಡೆಸುವ ಕ್ರಿಯೆಗಳನ್ನು. ಇದಕ್ಕೂ ಉದಾಹರಣೆ ನಮ್ಮ ಒಲೆಯಲ್ಲೇ ಇದೆ. ಬೆರಣಿಗೆ ಕಿಚ್ಚು ಹತ್ತಿಸಿದರೆ ಮೊದಲು ಹೊರಮೈ ಉರಿದು ಬೂದಿಯಾಗುತ್ತದೆ. ಆಮೇಲೆ ಗಾಳಿ ಆ ಬೂದಿಯ ಪದರವನ್ನು ದಾಟಿ ಒಳಕ್ಕೆ ಹೋಗಬೇಕು. ಬೂದಿ ದಪ್ಪವಾದಷ್ಟೂ ಗಾಳಿಯ ದಾರಿ ದೂರವಾಗುತ್ತದೆ, ಉರಿ ನಿಧಾನವಾಗುತ್ತದೆ. ಅಜ್ಜಿ ಊದುಗೊಳವೆಯಿಂದ ಊದಿ ಬೂದಿ ಕೆದಕುತ್ತಿದ್ದುದು ಇದಕ್ಕಾಗಿಯೇ. ಕ್ರಿಯೆಯ ವೇಗವನ್ನು ನಿರ್ಧರಿಸುವುದು ಉರಿಯೋ, ಬೂದಿಯ ಮೂಲಕ ಗಾಳಿ ನುಸುಳುವ ವೇಗವೋ ಎಂಬ ಪ್ರಶ್ನೆ ಕೇಳಲು ಸುಲಭ. ಉತ್ತರಿಸಲು ಬಲು ಕಷ್ಟ. ಕ್ರಿಯಾವರ್ಧಕದ ಸಣ್ಣ ಗುಳಿಗೆಯೊಳಗೂ ಇದೇ ಪ್ರಶ್ನೆ ಏಳುತ್ತದೆ. ಒಳ್ಳೆಯ ಕ್ರಿಯಾವರ್ಧಕವಿದ್ದರೂ ಎಣ್ಣೆಯ ಆವಿ ಅದರ ಒಳಹೊಕ್ಕು ಹೊರಬರಲಾಗದಿದ್ದರೆ ಪ್ರಯೋಜನವಿಲ್ಲ.

1978ರಲ್ಲಿ ದೊರೈಸ್ವಾಮಿಯವರು ಆ ಪ್ರಯೋಗಾಲಯದ ನಿರ್ದೇಶಕರಾದರು. 1989ರವರೆಗೆ ಆ ಸ್ಥಾನದಲ್ಲಿದ್ದರು. ಕಾಲವನ್ನು ಗಮನಿಸಿ. 1973ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ಬಿಗಿಹಿಡಿದು, ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು 12 ಡಾಲರಿಗೆ ಏರಿತ್ತು. (ಪೀಪಾಯಿ ಎಂದರೆ 159 ಲೀಟರ್.) ವಿದೇಶಿ ಹಣ ಎಣ್ಣೆಗೇ ಸಾಲದಿರುವಾಗ ಕ್ರಿಯಾವರ್ಧಕಕ್ಕೂ ಹಣ ಸುರಿಯಬೇಕಾಗಿತ್ತು. 1979ರಲ್ಲಿ ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಿಂದ ಪಾಲ್ ರತ್ನಸಾಮಿ ಎಂಬ ಕ್ರಿಯಾವರ್ಧಕ ತಜ್ಞರು ಪುಣೆಗೆ ಬಂದರು. ಮುಂದಿನ ಕಥೆ ನೀವು ತೊಟ್ಟಿರುವ ಸಮವಸ್ತ್ರದ ಕಥೆ.

ನಿಮ್ಮ ಸಮವಸ್ತ್ರದ ಬಟ್ಟೆಯಲ್ಲಿ ಹತ್ತಿಯ ಜೊತೆಗೆ ಪಾಲಿಯೆಸ್ಟರ್ ನೂಲಿದೆ. ರೇಷ್ಮೆಗೂಡಿನ ಮಾರುಕಟ್ಟೆಯಿರುವ ಹಿಂದೂಪುರದವರಿಗೆ ನೂಲು ಹುಳುವಿನಿಂದ ಬರುವುದು ಗೊತ್ತು. ಈ ನೂಲು ಬರುವುದು ಕಲ್ಲೆಣ್ಣೆಯಿಂದ. ಕಲ್ಲೆಣ್ಣೆಯಿಂದ ಜೈಲೀನ್ ಎಂಬ ದ್ರವವನ್ನು ಪಡೆಯುತ್ತಾರೆ. ಜೈಲೀನಿನಲ್ಲಿ ಮೂವರು ಒಡಹುಟ್ಟಿದವರಿದ್ದಾರೆ. ಆರು ಮಕ್ಕಳು ಕೈ ಕೈ ಹಿಡಿದು ವೃತ್ತವಾಗಿ ನಿಂತಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಇಬ್ಬರ ತಲೆಗೆ ಮಾತ್ರ ಟೋಪಿ. ಟೋಪಿಯವರು ಅಕ್ಕಪಕ್ಕ ನಿಂತರೆ ಅದು ಆರ್ಥೋ ಜೈಲೀನ್. ನಡುವೆ ಒಬ್ಬರನ್ನು ಬಿಟ್ಟು ನಿಂತರೆ ಮೆಟಾ. ಎದುರುಬದುರಾಗಿ ನಿಂತರೆ ಪ್ಯಾರಾ. ಮೂರರಲ್ಲಿಯೂ 8 ಇಂಗಾಲ, 10 ಜಲಜನಕ; ನಿಂತ ಜಾಗ ಮಾತ್ರ ಬೇರೆ. ಇಂಥವುಗಳಿಗೆ ಸಮಾಂಗಿಗಳು ಎಂದು ಹೆಸರು. ಪಾಲಿಯೆಸ್ಟರ್ ನೂಲಿಗೆ ಬೇಕಾದುದು ಪ್ಯಾರಾ ಮಾತ್ರ. ಉಳಿದವರಿಬ್ಬರಿಗೆ ಅಲ್ಲಿ ಕೆಲಸವಿಲ್ಲ.

ಬಟ್ಟಿ ಇಳಿಸಿ ಬೇರ್ಪಡಿಸೋಣವೆಂದರೆ ಮೆಟಾ ಕುದಿಯುವುದು 139 ಡಿಗ್ರಿಯಲ್ಲಿ, ಪ್ಯಾರಾ 138ರಲ್ಲಿ. ಒಂದು ಡಿಗ್ರಿಯ ಅಂತರ! ಆದರೆ ತಣಿಸಿದರೆ ಪ್ಯಾರಾ ಸುಮಾರು 13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ನಮ್ಮೂರ ಮಾಗಿಯ ಮುಂಜಾವಿನ ಚಳಿಗೆ ಅದೇನೂ ಬಹಳ ದೂರವಲ್ಲ. ಮೆಟಾ ಹೆಪ್ಪುಗಟ್ಟಲು ಸೊನ್ನೆಗಿಂತ 48 ಡಿಗ್ರಿ ಕೆಳಗೆ ಹೋಗಬೇಕು. ಹೀಗೆ ಮಿಶ್ರಣವನ್ನು ಬಹಳ ತಣಿಸಿ ಪ್ಯಾರಾ ಹರಳುಗಳನ್ನು ತೆಗೆದುಕೊಳ್ಳಬಹುದು. ಆದರೆ ಮಿಶ್ರಣದಲ್ಲಿ ಪ್ಯಾರಾ ಇರುವುದೇ ನಾಲ್ಕರಲ್ಲಿ ಒಂದು ಪಾಲಿನಷ್ಟು. ಉಳಿದ ಮುಕ್ಕಾಲನ್ನು ಏನು ಮಾಡುವುದು? ಮತ್ತೆ ಕ್ರಿಯಾವರ್ಧಕದ ಮೇಲೆ ಹಾಯಿಸಿ, ಟೋಪಿಯವರನ್ನು ಜಾಗ ಬದಲಿಸುವಂತೆ ಮಾಡಬೇಕು. ಆಗ ಪುನಃ ಕಾಲುಭಾಗದಷ್ಟು ಪ್ಯಾರಾ ಹುಟ್ಟುತ್ತದೆ. ಅದನ್ನು ತೆಗೆದು ಉಳಿದುದನ್ನು ಮತ್ತೆ ಹಾಯಿಸಬೇಕು. ಮಜ್ಜಿಗೆಯನ್ನು ಮತ್ತೆ ಮತ್ತೆ ಕಡೆದು ಬೆಣ್ಣೆ ತೆಗೆದಂತೆ ಎನ್ನೋಣವೇ? ಉಪಮೆ ಪೂರ್ತಿ ಕೂಡುವುದಿಲ್ಲ, ಏಕೆಂದರೆ ಮಜ್ಜಿಗೆಯಲ್ಲಿ ಹೊಸ ಬೆಣ್ಣೆ ಹುಟ್ಟುವುದಿಲ್ಲ, ಇಲ್ಲಿ ಹುಟ್ಟುತ್ತದೆ.

ಈ ಜಾಗ ಬದಲಿಸುವ ಕ್ರಿಯಾವರ್ಧಕವನ್ನು ಪುಣೆಯಲ್ಲಿ ಮಾಡಿದರು. ಅದು ಜಿಯೋಲೈಟ್ ಎಂಬ ಜಾತಿಯ ವಸ್ತು. ಇದೂ ಗ್ರೀಕ್ ಹೆಸರು: 'ಕುದಿಯುವ ಕಲ್ಲು'. 1756ರಲ್ಲಿ ಕ್ರೋನ್‌ಸ್ಟೆಟ್ ಎಂಬ ಸ್ವೀಡನ್ನಿನ ಖನಿಜತಜ್ಞರು ಒಂದು ಕಲ್ಲನ್ನು ಕಾಯಿಸಿದಾಗ ಅದರಿಂದ ನೀರಿನ ಆವಿ ಬುಸುಗುಟ್ಟಿತಂತೆ. ಆದ್ದರಿಂದ ಆ ಹೆಸರು. ಕಲ್ಲೆಣ್ಣೆಯನ್ನು ಪಳಗಿಸಲು ಕುದಿಗಲ್ಲು ಬೇಕಾದದ್ದು ಭಾಷೆಯವನಾದ ನನಗೆ ಸೊಗಸಾಗಿ ಕಾಣುತ್ತದೆ. ಜಿಯೋಲೈಟಿನೊಳಗೆ ಎಲ್ಲ ಕಡೆಯೂ ಒಂದೇ ಅಳತೆಯ ಬಹು ಸಣ್ಣ ಸುರಂಗಗಳಿರುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ ಅದರ ಅಗಲ. ಕಡಲೆಕಾಯಿ ಬಿಡಿಸಿ ಜರಡಿ ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ಇದು ಅಣುಗಳಿಗೆ ಹಿಡಿಯುವ ಜರಡಿ. ಎದುರುಬದುರು ಟೋಪಿಯ ಪ್ಯಾರಾ ತೆಳ್ಳಗೆ ಉದ್ದವಾಗಿರುವುದರಿಂದ ಸುರಂಗದಲ್ಲಿ ಸಲೀಸಾಗಿ ಓಡುತ್ತದೆ. ಉಳಿದವರಿಬ್ಬರು ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಬಾಗಿಲಲ್ಲಿ ತಡವರಿಸುತ್ತಾರೆ. ಕ್ರಿಯೆಯನ್ನು ನಡೆಸುವುದೂ ಜರಡಿ ಹಿಡಿಯುವುದೂ ಒಂದೇ ಕಲ್ಲಿನಲ್ಲಿ!

ಅದಕ್ಕೆ ಅವರು ಇಟ್ಟ ಹೆಸರು 'ಎನ್ಸಿಲೈಟ್'. ಪ್ರಯೋಗಾಲಯದ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರಗಳಾದ ಎನ್, ಸಿ, ಎಲ್ ಅದರಲ್ಲಿ ಅಡಗಿವೆ. ಇದರ ಗೌರವ ಒಬ್ಬರಿಗೆ ಸಲ್ಲತಕ್ಕದ್ದಲ್ಲ. ಕ್ರಿಯಾವರ್ಧಕವನ್ನು ರೂಪಿಸಿದವರಲ್ಲಿ ಮುಖ್ಯರು ರತ್ನಸಾಮಿ ಮತ್ತು ಅವರ ಸಂಗಡಿಗರು. ನಿರ್ದೇಶಕರಾಗಿ ಆ ಕೆಲಸಕ್ಕೆ ಬೆನ್ನಾಗಿ ನಿಂತವರು ದೊರೈಸ್ವಾಮಿ. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದರಲ್ಲಿ ಎ.ಸಿ.ಸಿ. ಕಂಪನಿ ಕೈಜೋಡಿಸಿತು, ಬಳಸಿದ್ದು ವಡೋದರದ ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಾರ್ಪೊರೇಷನ್. 1985ರಲ್ಲಿ ಅಲ್ಲಿನ ಸ್ಥಾವರದಲ್ಲಿ ಅದು ಕೆಲಸ ಮಾಡತೊಡಗಿತು. ನಡೆಯುತ್ತಿರುವ ಕಾರ್ಖಾನೆಯಲ್ಲಿ ಹಳೆಯದನ್ನು ತೆಗೆದು ಹೊಸ ಕ್ರಿಯಾವರ್ಧಕವನ್ನು ತುಂಬಲು ಒಪ್ಪಿದವರ ಎದೆಗಾರಿಕೆಯನ್ನು ನಾವು ಮರೆಯಬಾರದು. ಕೈಕೊಟ್ಟರೆ ಪ್ರತಿದಿನವೂ ನಷ್ಟ. ನಮ್ಮ ರೈತರು ಹೊಸ ತಳಿಯ ಬೀಜವನ್ನು ಮೊದಲು ಯಾರದಾದರೂ ಹೊಲದಲ್ಲಿ ನೋಡಿ ಆಮೇಲೆ ಬಿತ್ತುತ್ತಾರೆ; ಇಲ್ಲಿ ನೋಡಲು ಇನ್ನೊಬ್ಬರ ಹೊಲವಿರಲಿಲ್ಲ.

ಇದರ ಮಧ್ಯೆ ದೊರೈಸ್ವಾಮಿಯವರು ಮುಂಬಯಿಯ ಪ್ರೊಫೆಸರ್ ಎಂ. ಎಂ. ಶರ್ಮಾ ಅವರೊಡನೆ ಸೇರಿ ಎರಡು ಸಂಪುಟಗಳ ಬೃಹತ್ ಗ್ರಂಥವೊಂದನ್ನು ಬರೆದರು. ಘನ, ದ್ರವ, ಅನಿಲಗಳು ಬೇರೆ ಬೇರೆಯಾಗಿದ್ದೇ ಒಂದನ್ನೊಂದು ಮುಟ್ಟಿ ನಡೆಸುವ ಕ್ರಿಯೆಗಳನ್ನು ಕುರಿತ ಆ ಗ್ರಂಥ 1984ರಲ್ಲಿ ಪ್ರಕಟವಾಯಿತು. ಬೆರಣಿಯ ಪ್ರಶ್ನೆ ಅದರ ಮೊದಲ ಸಂಪುಟಕ್ಕೆ ಸೇರಿದ್ದು. ಶರ್ಮಾ ಅವರು 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಅದೇ 1990ರಲ್ಲಿ ಭಾರತ ಸರ್ಕಾರ ದೊರೈಸ್ವಾಮಿಯವರಿಗೆ ಪದ್ಮಭೂಷಣವನ್ನಿತ್ತಿತು. ನಿವೃತ್ತಿಯ ಅನಂತರ ಅವರು ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಲ್ಲಿಂದ 2001ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ಹೊರಬಂತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 2012ರಲ್ಲಿ ತೀರಿಕೊಂಡರು.

ಪುಣೆ, ವಡೋದರ, ಅಮೆರಿಕ ಎಲ್ಲ ನಮಗೆ ದೂರದ ಮಾತಾಯಿತು ಎಂದು ಪೋಷಕರು ಹೇಳಬಹುದು. ಹತ್ತಿರದ್ದನ್ನೂ ಹೇಳುತ್ತೇನೆ. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರು. ಬೆಂಗಳೂರಿನ ಆಚೆ ಹೊಸಕೋಟೆಯ ಕಡೆ ದೇವನಗುಂದಿಯಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಕಂಪನಿಯ ಸಂಶೋಧನಾ ಕೇಂದ್ರವಿದೆ. ಮಂಗಳೂರಿನಲ್ಲಿ ಶುದ್ಧೀಕರಣ ಕಾರ್ಖಾನೆಯಿದೆ. ನಮ್ಮದೇ ರಾಜ್ಯದ ವಿಶಾಖಪಟ್ಟಣದಲ್ಲಿ 1957ರಿಂದಲೂ ಇದೆ. ಇನ್ನು ಅನಂತಪುರದ ಎಂಜಿನಿಯರಿಂಗ್ ಕಾಲೇಜು ಸ್ವಾತಂತ್ರ್ಯದ ಹೊತ್ತಿನಿಂದ ಇರುವಂಥದು. ಅದೇ ಊರಿನಲ್ಲಿ ಎಣ್ಣೆಬೀಜಗಳ ಎಣ್ಣೆಯನ್ನು ಕುರಿತ ತಂತ್ರಜ್ಞಾನದ ಸಂಶೋಧನಾ ಸಂಸ್ಥೆಯೂ ಇದೆ.

ಬೀಜದ ಎಣ್ಣೆಗೂ ಕಲ್ಲೆಣ್ಣೆಗೂ ಏನು ಸಂಬಂಧ ಎಂದರೆ, ಈಗ ಸಂಬಂಧ ಕೂಡಿಬರುತ್ತಿದೆ. ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 1960ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಯ ವಿಜ್ಞಾನಿಗಳು ಜಟ್ರೋಫಾ, ಎಂದರೆ ಕಾಡುಹರಳಿನ ಎಣ್ಣೆಯಿಂದ ವಿಮಾನದ ಇಂಧನ ತಯಾರಿಸಿದರು. 2018ರ ಆಗಸ್ಟ್ 27ರಂದು ಡೆಹರಾಡೂನಿನಿಂದ ದೆಹಲಿಗೆ ಒಂದು ವಿಮಾನ ಈ ಇಂಧನವನ್ನು ಭಾಗಶಃ ಬೆರೆಸಿಕೊಂಡು ಹಾರಿತು. ಬೀಜ ಬೆಳೆದವರು ಛತ್ತೀಸಗಢದ ರೈತರು. ಎಣ್ಣೆಯ ಅಣುವಿನಲ್ಲಿರುವ ಆಮ್ಲಜನಕವನ್ನು ಜಲಜನಕದ ಸಹಾಯದಿಂದ ತೆಗೆದುಹಾಕಿ, ಉದ್ದ ಸರಪಳಿಯನ್ನು ಒಡೆದು, ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟದಂತೆ ಅದಕ್ಕೆ ಕವಲು ಮೂಡಿಸಬೇಕು. ಆ ಕೆಲಸವೂ ಕ್ರಿಯಾವರ್ಧಕದ್ದೇ. ಕಲ್ಯಾಣದುರ್ಗದ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷವೂ ಹೊಲದ ಬದುವಿನಲ್ಲಿ ಹೊಂಗೆ ಹಸಿರಾಗಿರುವುದನ್ನು ನಾನು ನೋಡಿದ್ದೇನೆ. ಹೊಂಗೆಯೆಣ್ಣೆಯಿಂದ ಡೀಸೆಲಿನಂಥ ಇಂಧನ ಮಾಡಬಹುದೆಂದು ಈಗಾಗಲೇ ಗೊತ್ತಾಗಿದೆ. ಲೀಟರಿಗೆ ಎಷ್ಟು ಖರ್ಚು, ಬೀಜ ಸಾಕಷ್ಟು ಸಿಗುವುದೋ ಇಲ್ಲವೋ ಎಂಬುದು ಬಗೆಹರಿಯಬೇಕಾದ ಲೆಕ್ಕ. ಇದರಿಂದ ನಾಳೆಯೇ ನಮ್ಮ ಬಡತನ ನೀಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಟ್ರೋಫಾ ನೆಟ್ಟು ಫಸಲು ಕಾಣದ ರೈತರೂ ದೇಶದಲ್ಲಿ ಬಹಳ ಜನ ಇದ್ದಾರೆ.

ಓದಿನ ದಾರಿಯನ್ನು ಬೇಗನೆ ಹೇಳಿಬಿಡುತ್ತೇನೆ. ಹತ್ತನೆಯ ತರಗತಿಯ ನಂತರ ಇಂಟರ್‌ಮೀಡಿಯೆಟ್‌ನಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಆಮೇಲೆ ಪ್ರವೇಶ ಪರೀಕ್ಷೆ, ನಾಲ್ಕು ವರ್ಷದ ಎಂಜಿನಿಯರಿಂಗ್. ಸಂಶೋಧನೆಗೆ ಹೋಗುವವರು ಅದರ ಮೇಲೆ ಇನ್ನೂ ಐದಾರು ವರ್ಷ ಓದಬೇಕು. ಗಣಿತವನ್ನು ಬಿಟ್ಟರೆ ನಡೆಯದು. ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ವರ್ಷ ಕಷ್ಟವಾಗುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ನಾನೂ ಕನ್ನಡದಿಂದ ಇಂಗ್ಲಿಷಿಗೆ ದಾಟಿದವನು. ಮೊದಲ ಆರು ತಿಂಗಳು ತರಗತಿಯಲ್ಲಿ ಪ್ರಶ್ನೆ ಅರ್ಥವಾಗುವುದರೊಳಗೆ ಬೇರೆಯವರು ಉತ್ತರ ಹೇಳಿ ಕುಳಿತಿರುತ್ತಿದ್ದರು. ವಿಷಯ ಗೊತ್ತಿತ್ತು, ಅದರ ಹೆಸರು ಗೊತ್ತಿರಲಿಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯ ಒಂದು ನೋಟುಬುಕ್ಕು: ಎಡಗಡೆ ಇಂಗ್ಲಿಷ್ ಮಾತು, ಬಲಗಡೆ ನನಗೆ ಮೊದಲೇ ಗೊತ್ತಿದ್ದ ಕನ್ನಡದ ಮಾತು.

ಇಷ್ಟನ್ನೂ ಒಂದು ಭಾನುವಾರ ಆ ತಂದೆಗೆ ಕೂರಿಸಿಕೊಂಡು ಹೇಳಿದೆ. ಮದುವೆ ಮನೆಯ ಕೊಪ್ಪರಿಗೆಯ ಮಾತು ಬಂದಾಗ ನಕ್ಕರು. ಟ್ರಾಕ್ಟರಿನ ಎಂಜಿನ್ ಬಿಸಿಯಾಗುವುದನ್ನೂ ರೇಡಿಯೇಟರಿನಲ್ಲಿ ಅಷ್ಟೊಂದು ತೆಳು ರೆಕ್ಕೆಗಳಿರುವುದನ್ನೂ ಅವರೇ ನನಗೆ ಜ್ಞಾಪಿಸಿದರು. ಮೈ ಹೆಚ್ಚಿಸಿದರೆ ಶಾಖ ಬೇಗ ಹೋಗುತ್ತದಲ್ಲವೇ! ನನಗೆ ಹೊಳೆಯದಿದ್ದ ಉದಾಹರಣೆ ಅದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ವರ್ಷ, ಎಂಟು ವರ್ಷ ಅಂತೀರಿ. ಅಷ್ಟು ದಿನ ಹುಡುಗೀನ ಓದ್ಸಕ್ಕೆ ಮನೇಲಿ ನಮ್ಮಮ್ಮ ಒಪ್ಪಬೇಕಲ್ಲ" ಎಂದರು. ಅಜ್ಜಿಯ ಹತ್ತಿರ ಮಾತಾಡಲು ನಾನೇ ಹೋಗಬೇಕಾಯಿತು. ಆಕೆಗೆ ಜೈಲೀನಿನ ವಿಷಯ ಬೇಕಿರಲಿಲ್ಲ. ಹಾಸ್ಟೆಲಿನಲ್ಲಿ ರಾತ್ರಿ ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ, ಊಟಕ್ಕೆ ಮುದ್ದೆ ಕೊಡುತ್ತಾರೋ ಇಲ್ಲವೋ ಎಂದು ಕೇಳಿದರು. ಮುದ್ದೆಯ ವಿಷಯ ವಿಚಾರಿಸಿ ಹೇಳುತ್ತೇನೆ ಎಂದು ಬಂದೆ.

ಹುಡುಗಿ ಈಗ ಹಿಂದೂಪುರದಲ್ಲೇ ಇಂಟರ್‌ಮೀಡಿಯೆಟ್ ಮೊದಲ ವರ್ಷದಲ್ಲಿದ್ದಾಳೆ. ಮುಂದಿನದು ಇನ್ನೂ ತೀರ್ಮಾನವಾಗಿಲ್ಲ. ಎರಡು ವಾರಕ್ಕೊಮ್ಮೆ ನೋಟುಬುಕ್ಕು ಹಿಡಿದುಕೊಂಡು ಬರುತ್ತಾಳೆ. ಹೋದ ಸಲ ಬಂದಾಗ, "ಸಾರ್, ಐಸೋಮರ್ ಅಂದ್ರೆ ಕನ್ನಡದಲ್ಲಿ ಏನು?" ಎಂದು ಕೇಳಿದಳು. ಸಮಾಂಗಿ ಎಂದೆ. ಬಲಗಡೆಯ ಸಾಲಿನಲ್ಲಿ ಬರೆದುಕೊಂಡು, ಅದರ ಪಕ್ಕದಲ್ಲಿ ಆರು ತಲೆಗಳ ಒಂದು ವೃತ್ತ ಎಳೆದು, ಎದುರುಬದುರಿನ ಎರಡು ತಲೆಗೆ ಟೋಪಿ ಹಾಕಿದಳು.